ಕ್ಲೌಡಿನವರು ತಿದ್ದಿದ ಆರತಿ ಹಾಡು

ಯುಗಾದಿ ಬಂದರೆ, ಧ್ವನಿ ಮುದ್ರಿಸಿ ಕ್ಲೌಡಿನಲ್ಲಿಟ್ಟ ಮನೆಮನೆಯ ಹಾಡುಗಳನ್ನು, ಮನೆಯವರು ಒಪ್ಪಿದರೆ, ಕ್ಲೌಡ್ ಕಂಪನಿಯವರು ತಿದ್ದಿ ಹೊಸದು ಮಾಡಿಕೊಡುವುದು ವಾಡಿಕೆ. ಹಬ್ಬದ ಮರುದಿನ ಪೂಜೆಗೆ ಕುಳಿತ ವಿಠ್ಠಲರಾಯರು, ತೀರಿಹೋದ ಹೆಂಡತಿ ಹಾಡಿದ್ದ ಆರತಿ ಹಾಡನ್ನು ಹಾಕಿದರು. ಎರಡನೆಯ ನುಡಿಯಲ್ಲಿ ತಾಳ ತಪ್ಪಿ, "ತಪ್ಪಾಯ್ತಪ್ಪಾ ಸ್ವಾಮಿ" ಎಂದು ನಕ್ಕು, ಆಕೆ ಮತ್ತೆ ಎತ್ತಿಕೊಳ್ಳುವುದನ್ನೇ ಅವರು ದಿನವೂ ಕಾಯುತ್ತಿದ್ದರು. ಇಂದು ಅದೇ ಕಂಠ ಎಲ್ಲೂ ತಪ್ಪದೆ ಹಾಡಿ ಮುಗಿಸಿತು.

"ಹಳೆಯದೇನಾಯಿತು, ವನಜಾ?"

"ಅದನ್ನು ಅಳಿಸಿಬಿಡುತ್ತಾರಲ್ಲ, ಅಣ್ಣಾ," ಎಂದಳು ತಂಗಿ. "ನಾನೇ ಒಪ್ಪಿಗೆ ಕೊಟ್ಟೆ. ದೇವರ ಮುಂದೆ ಅತ್ತಿಗೆ ದಿನಾ ತಪ್ಪುವುದು ಕೇಳಿ ನನಗೇ ಸಂಕೋಚವಾಗುತ್ತಿತ್ತು."

"ದೇವರಿಗೆ ಆಗಿರಲಿಲ್ಲವಲ್ಲ," ಎಂದರು ರಾಯರು.

ಹಚ್ಚಿದ ಆರತಿಯನ್ನು ಎತ್ತದೆ ಎದ್ದರು. ಪೂಜೆಯನ್ನು ಅವರು ನಡುವೆ ಬಿಟ್ಟು ಎದ್ದದ್ದು ಅದೇ ಮೊದಲು.