ಕೊನೆಗೆ ವಂದನಾರ್ಪಣೆ

ಯುದ್ಧ ಶುರುವಾಗಿ ಇಪ್ಪತ್ತು ದಿನವಾಗಿತ್ತು. ಕಾಲೇಜಿನಲ್ಲಿ ಅರ್ಧ ಜನ ಯುದ್ಧ ಬೇಕು ಎನ್ನುತ್ತಿದ್ದರು, ಇನ್ನರ್ಧ ಜನ ಬೇಡ ಎನ್ನುತ್ತಿದ್ದರು. ಬೇಡ ಎನ್ನುವವರ ಪರವಾಗಿ ಒಬ್ಬ ಹುಡುಗಿ ಸಭೆಗೆ ಅನುಮತಿ ಕೇಳಲು ಹೋದಳು. ಪ್ರಾಂಶುಪಾಲರು ಅವಳು ತಂದ ಕಾರ್ಯಕ್ರಮ ಪಟ್ಟಿಯ ಮೇಲೆ ಕೆಂಪು ಪೆನ್ನು ಆಡಿಸತೊಡಗಿದರು.

"ಭಾಷಣ ಬೇಡ. ಕವನ ಬೇಡ. ಚರ್ಚೆಯಂತೂ ಬೇಡವೇ ಬೇಡ. ಅಧ್ಯಕ್ಷತೆ ನಾನೇ ವಹಿಸ್ತೀನಿ. ಯಾರಾದ್ರೂ ಬಾಲ ಬಿಚ್ಚಿದ್ರೆ ಟಿ.ಸಿ. ಕೊಟ್ಟು ಮನೆಗೆ ಕಳಿಸ್ತೀನಿ."

"ಮತ್ತೆ ಏನು ಉಳೀತು ಸರ್?"

"ಪ್ರಾರ್ಥನೆ, ಸ್ವಾಗತ, ವಂದನಾರ್ಪಣೆ, ರಾಷ್ಟ್ರಗೀತೆ. ಸಾಲದಾ?"

"ಧಾರಾಳ ಆಯ್ತು ಸರ್."

ಸಭೆಯ ದಿನ ಪ್ರಾಂಶುಪಾಲರು ಹಾರ ಹಾಕಿಸಿಕೊಂಡು ನಡುವಿನ ಕುರ್ಚಿಯಲ್ಲಿ ಕೂತರು. ಪ್ರಾರ್ಥನೆ ಮುಗಿಯಿತು, ಸ್ವಾಗತವೂ ಮುಗಿಯಿತು. ಯಾರೂ ಯುದ್ಧದ ಸೊಲ್ಲೆತ್ತಲಿಲ್ಲ. ಅವರು ನಿರಾಳವಾಗಿ ಮುಂದಿದ್ದ ತಟ್ಟೆಯಿಂದ ಗೋಡಂಬಿ ಎತ್ತಿಕೊಂಡರು. ವಂದನಾರ್ಪಣೆಗೆ ಅದೇ ಹುಡುಗಿ ಮೈಕಿನ ಮುಂದೆ ಬಂದಳು.

"ಯುದ್ಧ ಬೇಡವೆಂದು ಸಾರುವ ಈ ಸಭೆಗೆ ಅನುಮತಿ ಕೊಟ್ಟು, ಅಧ್ಯಕ್ಷತೆ ವಹಿಸಿ, ಒಂದು ಮಾತೂ ವಿರೋಧಿಸದೆ ಕೊನೆಯವರೆಗೂ ನಮ್ಮ ಜೊತೆ ಕೂತ ನಮ್ಮ ನೆಚ್ಚಿನ ಪ್ರಾಂಶುಪಾಲರಿಗೆ ಹೃತ್ಪೂರ್ವಕ ವಂದನೆಗಳು. ಅವರ ಫೋಟೋ ತೆಗೆಯುತ್ತಿರುವ ಪತ್ರಿಕೆಯವರಿಗೂ ವಂದನೆಗಳು."

ಸಭಾಂಗಣ ಚಪ್ಪಾಳೆಯಿಂದ ತುಂಬಿಹೋಯಿತು. ಪ್ರಾಂಶುಪಾಲರು ಕೆಂಡಾಮಂಡಲವಾಗಿ ಎದ್ದು, ಕೈ ಬೀಸುತ್ತಾ ಮೈಕಿನತ್ತ ನುಗ್ಗಿದರು.

ಅಷ್ಟರಲ್ಲಿ ರಾಷ್ಟ್ರಗೀತೆ ಶುರುವಾಯಿತು. ಅವರು ಕೈ ಇಳಿಸಿ, ಅವಳ ಪಕ್ಕದಲ್ಲೇ ನೆಟ್ಟಗೆ ನಿಂತರು.