ಬಾಕಿ ಪೇಪರ್

ಸುಮತಿ ಬಾಗಿಲು ತಳ್ಳಿ ಒಳಗೆ ಕಾಲಿಡುವಷ್ಟರಲ್ಲಿ ತರಗತಿ ಶುರುವಾಗಿಬಿಟ್ಟಿತ್ತು. ಫ್ರೀವೇಯಲ್ಲಿ ಯಾರದೋ ಕಾರು ಕೆಟ್ಟು ನಿಂತು, ಕ್ಯಾನಿಂಗ್ ವೇಲ್‌ನ ಮನೆಯಿಂದ ಊರಿನ ಇನ್ನೊಂದು ತುದಿಯ ಜೂಂಡಲಪ್ ಕ್ಯಾಂಪಸ್‌ಗೆ ಬರಲು ಒಂದೂಕಾಲು ಗಂಟೆ ಹಿಡಿದಿತ್ತು. ಇಪ್ಪತ್ತು ಮುಖಗಳು ಒಮ್ಮೆಲೇ ಅವಳ ಕಡೆ ತಿರುಗಿದವು. ನಲವತ್ತಾರರ ಹೆಂಗಸನ್ನು ಕಂಡು ಹೊಸ ಮೇಡಂ ಇರಬೇಕೆಂದುಕೊಂಡ ಒಬ್ಬ ಹುಡುಗ, ಮುಂದಿನ ಕುರ್ಚಿಯ ಮೇಲೆ ಚಾಚಿದ್ದ ಕಾಲನ್ನು ಕೆಳಗಿಳಿಸಿದ. ಹಿಂದಿನ ಸಾಲಿನಲ್ಲಿ ಒಂದು ತಲೆ ಮಾತ್ರ ಸರಕ್ಕನೆ ಲ್ಯಾಪ್‌ಟಾಪಿನ ಹಿಂದೆ ಬಗ್ಗಿತು. ಆ ಬೈತಲೆಯನ್ನು ಸುಮತಿ ಹತ್ತೊಂಬತ್ತು ವರ್ಷದಿಂದ ಬಲ್ಲಳು. ಅವಳ ಮಗಳು ನಿಖಿತಾ.

ನಿಖಿತಾ ಅಲ್ಲಿರಬಾರದಿತ್ತು. ಅದು ಕಂಪ್ಯೂಟರ್ ಸೈನ್ಸ್ ಮೊದಲ ವರ್ಷದವರ ಗಣಿತದ ತರಗತಿ. ಮನೆಯವರಿಗೆ ಗೊತ್ತಿದ್ದ ಮಟ್ಟಿಗೆ ಅವಳು ಆ ಪೇಪರ್ ಮುಗಿಸಿ ಎರಡನೇ ವರ್ಷಕ್ಕೆ ಹೋಗಿಯಾಗಿತ್ತು.

ಹಾಗೆ ನೋಡಿದರೆ ಸುಮತಿಯೂ ಅಲ್ಲಿರಬಾರದಿತ್ತು. ಬಡಗಿ ಕೆಲಸದಿಂದ ಕಂಪ್ಯೂಟರ್‌ವರೆಗೆ ಎಲ್ಲವನ್ನೂ ಕಲಿಸುವ ಸರ್ಕಾರಿ ಕಾಲೇಜು ಟೇಫ್. ಅಲ್ಲಿ ಮಗಳ ವಯಸ್ಸಿನವರ ನಡುವೆ ಎರಡು ವರ್ಷ ಕೂತು ಅವಳು ಡಿಪ್ಲೊಮಾ ಮಾಡಿದ್ದಳು. ಅದರ ಬಲದ ಮೇಲೆ 2016ರಲ್ಲಿ ಮಗಳ ವಿಶ್ವವಿದ್ಯಾಲಯದಲ್ಲೇ, ಅದೇ ಕೋರ್ಸಿನ ಎರಡನೇ ವರ್ಷಕ್ಕೆ ನೇರವಾಗಿ ಸೀಟು ಸಿಕ್ಕಿತ್ತು. ಗಂಡ ನಾಗೇಂದ್ರ ಸಂಕ್ರಾಂತಿ ಕೂಟದಲ್ಲಿ ಮೈಕ್ ಹಿಡಿದು, “ನಮ್ಮನೇಲಿ ತಾಯಿ ಮಗಳು ಇಬ್ರೂ ಸೆಕೆಂಡ್ ಇಯರ್!” ಎಂದು ಸಾರಿದ್ದ. ಜನ ಚಪ್ಪಾಳೆ ತಟ್ಟಿದ್ದರು. ಹತ್ತು ದಿನ ಕಳೆದ ಮೇಲೆ ಪತ್ರ ಬಂತು. ಮೊದಲ ವರ್ಷದ ಎಂಟು ಪೇಪರ್‌ಗಳಲ್ಲಿ ಏಳಕ್ಕೆ ವಿನಾಯಿತಿ ಕೊಟ್ಟಿದ್ದೇವೆ, ಟೇಫ್‌ನಲ್ಲಿ ಓದಿದ ಗಣಿತ ಮಾತ್ರ ಸಾಲದು, ಅದನ್ನು ಇಲ್ಲಿ ಓದಿ ಪಾಸು ಮಾಡಬೇಕು ಎಂದಿತ್ತು. ಸುಮತಿ ಆ ಪತ್ರವನ್ನು ಯಾರಿಗೂ ತೋರಿಸಲಿಲ್ಲ.

ಇಬ್ಬಿಬ್ಬರು ಸೇರಿ ಬೋರ್ಡಿನ ಮೇಲಿನ ಲೆಕ್ಕಗಳನ್ನು ಬಿಡಿಸಿ ಎಂದ ಟ್ಯೂಟರ್. ಜೋಡಿಯಿಲ್ಲದೆ ಉಳಿದಿದ್ದವಳು ನಿಖಿತಾ ಒಬ್ಬಳೇ. ಸುಮತಿ ಹೋಗಿ ಮಗಳ ಪಕ್ಕದಲ್ಲಿ ಕೂತಳು.

“ಅಮ್ಮಾ, ವಾಟ್ ಆರ್ ಯೂ ಡೂಯಿಂಗ್ ಹಿಯರ್?” ನಿಖಿತಾ ತುಟಿ ಅಲ್ಲಾಡಿಸದೆ ಕೇಳಿದಳು.

“ಮ್ಯಾಥ್ಸ್‌ಗೆ ಕ್ರೆಡಿಟ್ ಕೊಡ್ಲಿಲ್ಲ ಕಣೆ. ನೀನು?”

“ಫೇಲ್ ಆದೆ.”

“ಹೋದ ವರ್ಷಾನಾ?”

“ಟ್ವೈಸ್. ಎರಡು ಸೆಮಿಸ್ಟರಲ್ಲೂ. ಈ ಸಲಾನೂ ಹೋದ್ರೆ ಕೋರ್ಸಿಂದಾನೇ ತೆಗೀತಾರೆ.”

ಡಿಸೆಂಬರಿನಲ್ಲಿ ಫಲಿತಾಂಶ ಬಂದ ದಿನ “ಆಲ್ ಗುಡ್” ಎಂದು ಮಗಳು ರೂಮಿಗೆ ಹೋದದ್ದು, ನಾಗೇಂದ್ರ ಖುಷಿಯಲ್ಲಿ ಕೇಕ್ ತಂದದ್ದು ಸುಮತಿಗೆ ನೆನಪಾಯಿತು. ಅವತ್ತು ನಿಖಿತಾ ಕೇಕ್ ಮುಟ್ಟಿರಲಿಲ್ಲ. ಡಯಟ್ ಇರಬೇಕು ಅಂದುಕೊಂಡು, ಅವಳ ಪಾಲಿನದನ್ನು ಸುಮತಿಯೇ ತಿಂದಿದ್ದಳು. ಈಗ ಬೈಯಬೇಕೆಂದು ಬಾಯಿ ತೆರೆದವಳು, ತನ್ನ ಎದುರಿಗಿದ್ದ ಅದೇ ಪುಸ್ತಕವನ್ನು ನೋಡಿ ಪೆನ್ನು ಕೈಗೆತ್ತಿಕೊಂಡಳು. ಮೊದಲ ಲೆಕ್ಕ ಇಬ್ಬರಿಗೂ ಬರಲಿಲ್ಲ. ಎರಡನೆಯದು ಅರ್ಧ ಬಂತು. ಮೂರನೆಯದನ್ನು ನಿಖಿತಾ ದಡಬಡ ಮಾಡಿ ಮುಗಿಸಿದಳು. ನಾಲ್ಕನೇ ಸಾಲಿನಲ್ಲಿ ತಪ್ಪಿದೆ ಎಂದು ಸುಮತಿ ಬೆರಳಿಟ್ಟು ತೋರಿಸಿದಳು. ನಿಖಿತಾ ಆ ಸಾಲನ್ನು ಎರಡು ಸಲ ಓದಿ, ಹೊಡೆದು ಹಾಕಿ, ಮತ್ತೆ ಬರೆದಳು.

ತರಗತಿ ಬಿಟ್ಟ ಮೇಲೆ ದಿನದಂತೆ ರೈಲು ನಿಲ್ದಾಣದ ಕಡೆ ಹೋಗದೆ ನಿಖಿತಾ ಅಮ್ಮನ ಹಿಂದೆಯೇ ಕಾರಿನವರೆಗೆ ಬಂದಳು. ಬಿಸಿಲಿಗೆ ಸ್ಟಿಯರಿಂಗ್ ಮುಟ್ಟುವ ಹಾಗಿರಲಿಲ್ಲ. ಎಸಿ ಹಾಕಿ, ಬಾಗಿಲು ತೆರೆದಿಟ್ಟುಕೊಂಡು ಇಬ್ಬರೂ ಹೊರಗೇ ನಿಂತರು.

“ಅಪ್ಪಂಗೆ ಹೇಳ್ತೀಯಾ?”

“ಯಾರ್ದು ಮೊದ್ಲು ಹೇಳ್ಲಿ?”

ನಿಖಿತಾ ನಗಲಿಲ್ಲ. ಕಾರು ಮನೆಯ ತಿರುವಿಗೆ ಬಂದಾಗ, “ನಿಂದು ಹೇಳು, ಆಮೇಲೆ ನಂದು ನಾನೇ ಹೇಳ್ತೀನಿ” ಎಂದಳು.

ಊಟಕ್ಕೆ ಕೂತಾಗ ಸುಮತಿ ಪತ್ರದ ವಿಷಯ ಹೇಳಿದಳು. ನಾಗೇಂದ್ರ ಅನ್ನ ಕಲಸುತ್ತಲೇ ನಕ್ಕುಬಿಟ್ಟ. “ಒಂದು ಪೇಪರ್ ತಾನೆ, ಅದಕ್ಯಾಕೆ ಮುಚ್ಚಿಟ್ಟೆ? ನಿಕ್ಕಿ ಹೇಳ್ಕೊಡ್ತಾಳೆ ಬಿಡು, ಅವಳು ಹೋದ ವರ್ಷಾನೇ ಮುಗಿಸಿದಾಳಲ್ಲ.”

“ಮುಗ್ಸಿಲ್ಲ ಅಪ್ಪ,” ಎಂದಳು ನಿಖಿತಾ. ಎರಡು ಸಲ ಫೇಲಾದದ್ದನ್ನೂ ಇದು ಕೊನೆಯ ಅವಕಾಶ ಎನ್ನುವುದನ್ನೂ ತಟ್ಟೆ ನೋಡುತ್ತಾ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಳು.

ನಾಗೇಂದ್ರನ ಕೈ ತಟ್ಟೆಯಲ್ಲೇ ನಿಂತಿತು. ಅವನು ಕೂಗಾಡುವ ಮನುಷ್ಯನಲ್ಲ. ಮದುವೆಯಾದ ಇಷ್ಟು ವರ್ಷಗಳಲ್ಲಿ ಒಮ್ಮೆಯೂ ದನಿ ಏರಿಸಿದವನಲ್ಲ. ಮಗಳನ್ನು ನೋಡಿದ, ಹೆಂಡತಿಯನ್ನು ನೋಡಿದ, ನಿಜವಾಗಿಯೂ ಅರ್ಥವಾಗದವನಂತೆ ಕೇಳಿದ:

“ಆ ಪೇಪರ್ ಅಷ್ಟೊಂದು ಕಷ್ಟಾನಾ?”

ಸುಮತಿ ಮಜ್ಜಿಗೆಯ ಪಾತ್ರೆಯನ್ನು ಅವನ ಕಡೆ ಸರಿಸಿದಳು.

“ಪೇಪರ್ ಕಷ್ಟಾನೇ. ನಿಮಗೆ ಹೇಳೋದು ಅದಕ್ಕಿಂತ ಕಷ್ಟ ಆಯ್ತು.”