ಕಲ್ಲಿನ ಮೇಲಿನ ಕೆಂಪು

ಸಮಾಧಿಕಲ್ಲಿನ ಮೇಲೆ ಸತ್ತವರ ಹೆಸರಿಗೆ ಕಪ್ಪು ಬಣ್ಣ, ಬದುಕಿರುವವರ ಹೆಸರಿಗೆ ಕೆಂಪು. ಮನೆತನದ ಹೆಸರಿಗೆ ಮಾತ್ರ ಎಂದೆಂದಿಗೂ ಕೆಂಪೇ, ವಂಶಕ್ಕೆ ಸಾವಿಲ್ಲವಲ್ಲ. ಕಲ್ಕತ್ತೆಯ ಚೀನೀಯರ ಸ್ಮಶಾನದಲ್ಲಿ, ಎಂಬತ್ತೆಂಟರ ಅಪ್ಪ ಬದುಕಿರುವಾಗಲೇ ತನಗಾಗಿ ಕೆತ್ತಿಸಿಕೊಂಡ ಕಲ್ಲಿನ ಮುಂದೆ ಮಗ ಕುಂಚ ಹಿಡಿದು ಕೂತಿದ್ದ.

ಲಿಯಾಂಗ್ ಎಂಬ ತಮ್ಮ ಮನೆತನದ ಕಥೆಯನ್ನು ಅಪ್ಪನ ಬಾಯಲ್ಲಿ ಅವನು ನೂರು ಸಲ ಕೇಳಿದ್ದ. ಉತ್ತರದಲ್ಲಿ ಒಂದು ರಾಜ್ಯ ನಾಶವಾಯಿತಂತೆ. ಉಳಿದವರು ಕಳೆದುಕೊಂಡ ನಾಡಿನ ಹೆಸರನ್ನೇ ಮನೆತನಕ್ಕಿಟ್ಟುಕೊಂಡು ದಕ್ಷಿಣಕ್ಕೆ ಬಂದರಂತೆ. ಎಷ್ಟೋ ತಲೆಮಾರು ಕಳೆದ ಮೇಲೆ ಅವರಲ್ಲೊಬ್ಬ ತರುಣ ಹಡಗು ಹತ್ತಿದನಂತೆ. ಆ ತರುಣನನ್ನು ಅಪ್ಪ ಯಾವತ್ತೂ ‘ನಾನು’ ಎಂದು ಹೇಳಿದ್ದಿಲ್ಲ. ಹಬ್ಬದ ದಿನ ಮನೆಮಂದಿಯೆಲ್ಲ ಹಿರಿಯರಿಗೆಂದು ಅನ್ನ, ಮೀನು ಬಡಿಸಿಟ್ಟರೆ ಅಪ್ಪ ಒಂದು ಲೋಟ ನೀರು ಇಡುತ್ತಿದ್ದ. ಬರೀ ನೀರು.

“ಲಿಯಾಂಗ್ ಅನ್ನೋದಕ್ಕೆ ಕಪ್ಪು ಬಳಿ,” ಎಂದ ಪಕ್ಕದಲ್ಲೇ ಕೂತಿದ್ದ ಅಪ್ಪ.

ಮಗ ಬೆಚ್ಚಿಬಿದ್ದ. “ಬಿಡ್ತು ಅನ್ನಪ್ಪಾ! ನಾನಿದ್ದೀನಿ, ಮೊಮ್ಮಕ್ಕಳಿದ್ದಾರೆ. ನಮ್ಮ ವಂಶ ಎಲ್ಲಿ ಸತ್ತಿದೆ?”

“ಹಡಗಿನಲ್ಲಿ.”

“ಹಡಗಿನಿಂದ ಇಳಿದವನು ನೀನೇ ಅಲ್ವಾ?”

ಅಪ್ಪ ಬೆರಳಿನಿಂದ ಕಲ್ಲಿನ ಮೇಲಿನ ಆ ಹೆಸರನ್ನು ಸವರಿದ.

“ಇಳಿದವನು ನಾನು. ಹತ್ತಿದ ಲಿಯಾಂಗ್ ಬೇರೆ. ಅವನಿಗೆ ವಿಪರೀತ ಜ್ವರ. ಮೂರು ದಿನ ನೀರು, ನೀರು ಅಂತ ಕನವರಿಸ್ತಿದ್ದ. ಅವನ ಹತ್ರ ದಡಕ್ಕೆ ಇಳಿಯೋಕೆ ಬೇಕಾದ ಕಾಗದ ಇತ್ತು, ಲಿಯಾಂಗ್ ಅನ್ನೋ ಹೆಸರಲ್ಲಿ. ನನ್ನ ಹತ್ರ ನೀರಿತ್ತು.”